ಕಚ್ಚದ ಬೂಟು

"ಇನ್ನೊಂದು ಹೆಜ್ಜೆ ಒಳಗಿಟ್ರೆ ನೋಡಿ, ಆ ಬೂಟಿನ ಜೊತೆ ನಿಮ್ಮನ್ನೂ ಕಿಟಕಿಯಿಂದ ಆಚೆಗೆ ಎಸೀತೀನಿ."

ಹೆಂಡತಿ ಈ ಮಾತು ಹೇಳಿದಾಗ ಎಂಟಪ್ಪ ಒಂದು ಕಾಲನ್ನು ಅಡುಗೆಮನೆಯ ಹೊಸ್ತಿಲ ಮೇಲೆತ್ತಿಕೊಂಡು, ಕೆರೆ ಬತ್ತಿದ ಮೇಲೂ ಮೀನಿಗೆ ಕಾಯುವ ಕೊಕ್ಕರೆಯ ಹಾಗೆ ನಿಂತಿದ್ದ. ಅವನ ಬೆನ್ನ ಹಿಂದೆ, ಮಲಗುವ ಕೋಣೆಯಿಂದ ಅಡುಗೆಮನೆಯ ತನಕ, ಹೋದ ತಿಂಗಳಷ್ಟೇ ನೆಲಕ್ಕೆ ಹಾಸಿದ್ದ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಳೆ ಜರಡಿಯಂತೆ ತೂತುಬಿದ್ದಿತ್ತು. ಒಂದೊಂದು ಹೂವಿನ ಮೇಲೂ ಸಿಡುಬು ಎದ್ದ ಹಾಗಿತ್ತು.

"ಬಿಚ್ಚೋ ಹಾಗಿಲ್ಲ ಕಣೇ. ಎದ್ದಾಗಿಂದ ಸಂಜೆ ಸಭೆ ಮುಗಿಯೋ ತನಕ ಕಾಲಲ್ಲೇ ಇರ್ಬೇಕು ಅಂತ ಯಜಮಾನ್ರು ಹೇಳಿದಾರೆ."

"ಯಜಮಾನ್ರು ಹೇಳಿದ್ರೆ ನಾಳೆ ತಲೆ ಮೇಲೆ ಇಟ್ಕೊಂಡೂ ಓಡಾಡ್ತೀರಿ."

"ಸೂಪರ್‌ವೈಸರ್ ಆಗೋದು ಬೇಡ್ವಾ ನಿಂಗೆ?"

"ನಾನ್ಯಾಕ್ರೀ ಆಗ್ಲಿ? ಹೋದ ವರ್ಷ ಪೊಲೀಸಿನವರ ಬೂಟು ಹಾಕ್ಕೊಂಡೇ ಮಲಗಿದ್ರಿ, ನನ್ನ ಮೊಣಕಾಲು ಊದಿತ್ತು. ಆಗ್ಲೂ ಇದನ್ನೇ ಅಂದ್ರಿ."

ಎಂಟಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅವನು ಕೆಲಸ ಮಾಡುವ ಬೂಟಿನ ಕಾರ್ಖಾನೆಯಲ್ಲಿ ಮಾದರಿ ಬೂಟುಗಳನ್ನೆಲ್ಲ ಎಂಟನೇ ನಂಬರಿನಲ್ಲೇ ಹೊಲಿಯುವುದು ರೂಢಿ. ಉಗ್ರಾಣದ ಈ ಗುಮಾಸ್ತನ ಪಾದವೋ, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಎಂಟನೇ ನಂಬರು. ಹಾಗಾಗಿ ಹೊಸ ಬೂಟು ಯಾವುದೇ ಬರಲಿ, ಮೊದಲು ಹಾಕಿಕೊಂಡು ಒಂದು ದಿನ ಓಡಾಡಿ, ಸಂಜೆ ಸಭೆಯಲ್ಲಿ ನಿಂತು ಅದರ ಗುಣ ಹೇಳುವ ಕೆಲಸ ಅವನ ಪಾಲಿಗೆ ಬಂದಿತ್ತು. ತಲೆಯಿಂದ ಮೇಲೆ ಬಂದವರನ್ನು ನೋಡಿದ್ದೇವೆ, ನಾಲಿಗೆಯಿಂದ ಮೇಲೆ ಬಂದವರನ್ನಂತೂ ದಿನಾ ನೋಡುತ್ತೇವೆ. ಎಂಟಪ್ಪ ಕಾಲಿನಿಂದ ಮೇಲೆ ಬರುವ ಆಸೆಯಲ್ಲಿದ್ದ. ಉಗ್ರಾಣದ ಸೂಪರ್‌ವೈಸರ್ ಸದ್ಯದಲ್ಲೇ ನಿವೃತ್ತನಾಗುವವನಿದ್ದ.

ಈ ಸಲ ಬಂದದ್ದು ಗಾಲ್ಫ್ ಬೂಟು. ಅಡಿಯಲ್ಲಿ ಉಕ್ಕಿನ ಮುಳ್ಳು, ಮೇಲೆ ಬಿಳಿ ಚರ್ಮ. ಗಾಲ್ಫ್ ಎಂದರೆ ಏನೆಂದು ಎಂಟಪ್ಪ ವಿಚಾರಿಸಿ ತಿಳಿದುಕೊಂಡಿದ್ದ. ಇದ್ದೊಂದು ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆದು, ಆಮೇಲೆ ಬಿಸಿಲಲ್ಲಿ ಅದನ್ನು ಹುಡುಕಿಕೊಂಡು ಹೋಗುವುದು. ಬಡವ ಹೀಗೆ ಮಾಡಿದರೆ ಮನೆಯವರು ಮಂತ್ರವಾದಿಯನ್ನು ಕರೆಸುತ್ತಾರೆ. ಸಾಹುಕಾರ ಮಾಡಿದರೆ ಆಟ.

ಹಿಂದಿನ ಸಂಜೆ ಯಜಮಾನರು ಅವನನ್ನು ತಮ್ಮ ಕೋಣೆಗೆ ಕರೆಸಿ, ಬೂಟನ್ನು ತಾವೇ ಕೈಯಾರೆ ಕೊಟ್ಟಿದ್ದರು. ಹುಲ್ಲಿನ ಮೇಲೆ ನಡಿ, ಒದ್ದೆಯಲ್ಲಿ ನಡಿ, ಕೋಲು ಬೀಸಿ ನೋಡು, ನಾಳೆ ಸಭೆಗೆ ದೊಡ್ಡ ಗಿರಾಕಿಯೇ ಬರುತ್ತಾರೆ, ನಿನ್ನ ಮಾತಿನ ಮೇಲೆ ನಮ್ಮ ಅದೃಷ್ಟ ನಿಂತಿದೆ ಅಂದಿದ್ದರು. ಕೊನೆಗೆ ಭುಜದ ಮೇಲೆ ಕೈಯಿಟ್ಟು, "ಯಾರ ಮುಲಾಜೂ ಬೇಡ ಎಂಟಪ್ಪ. ಇದ್ದದ್ದನ್ನ ಇದ್ದ ಹಾಗೇ ಹೇಳು. ಆಮೇಲೆ ನಿನ್ನ ವಿಷಯ ನೋಡೋಣ," ಅಂದಿದ್ದರು.

ಇದ್ದದ್ದನ್ನು ಇದ್ದ ಹಾಗೇ ಹೇಳು ಎಂದು ಯಜಮಾನರು ಪ್ರತಿ ಸಲವೂ ಹೇಳುತ್ತಿದ್ದರು. ಅದನ್ನು ನಂಬಿದವನು ಆ ಕಾರ್ಖಾನೆಯಲ್ಲಿ ಒಬ್ಬನೇ. ಎಂಟಪ್ಪನಿಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವನು, ಸಭೆಯಲ್ಲಿ ಎದ್ದುನಿಂತು, ಹಿಮ್ಮಡಿ ಹತ್ರ ಸ್ವಲ್ಪ ಕಚ್ಚುತ್ತೆ ಅಂದುಬಿಟ್ಟ. ಆ ಬೂಟಿನ ಮಾದರಿ ಮಾಡಿದ್ದು ಯಜಮಾನರ ಅಳಿಯ. ಮಾರನೇ ದಿನದಿಂದ ಆ ಮನುಷ್ಯ ಗೋಂದು ಕಾಯಿಸುವ ಕೋಣೆಯಲ್ಲಿದ್ದಾನೆ. ಊಟ ಮಾಡಿದರೂ ಬಾಯಿಗೆ ಗೋಂದಿನ ರುಚಿಯೇ ಬರುತ್ತದಂತೆ. ಅವತ್ತಿನಿಂದ ಆ ಕಾರ್ಖಾನೆಯ ಯಾವ ಬೂಟೂ ಯಾರ ಕಾಲನ್ನೂ ಕಚ್ಚಿಲ್ಲ. ಎತ್ತು ಈಯಿತು ಅಂದರೆ ಕರುವನ್ನು ಕಟ್ಟಿ ಹಾಲು ಕರೆದುಕೊಂಡು ಬರುವ ಜನ ಅಲ್ಲಿ ತುಂಬಿದ್ದರು. ಎಂಟಪ್ಪನಂತೂ ಮೊಸರನ್ನೇ ಕಡೆದು ತರುತ್ತಿದ್ದ.

ಆದರೆ ಈ ಬೂಟು ಮಾತ್ರ ಹಿಂದಿನ ಜನ್ಮದ ದಾಯಾದಿಯ ಹಾಗೆ ಕಚ್ಚುತ್ತಿತ್ತು. ಮೆಟ್ಟಿಲಿಳಿಯುವಷ್ಟರಲ್ಲೇ ಕಿರುಬೆರಳು ಪಕ್ಕದ ಬೆರಳಿನ ಮೇಲೇರಿ ಕೂತಿತ್ತು.

ಕೆಳಮನೆಯಲ್ಲಿ ನಿವೃತ್ತ ವ್ಯಾಯಾಮದ ಮೇಷ್ಟ್ರಿದ್ದರು. ಬೆಳಿಗ್ಗೆಯಿಂದ ತಲೆಯ ಮೇಲೆ ಟಕಟಕ ಸದ್ದು ಕೇಳಿ ರೇಗಿಹೋಗಿದ್ದ ಅವರು ಬಾಗಿಲಲ್ಲೇ ಕಾದಿದ್ದರು. ಮೇಲೆ ಕುದುರೆ ಕಟ್ಟಿದ್ದೀರೇನ್ರೀ ಎಂದು ಶುರುಮಾಡಿದವರು, ಗಾಲ್ಫ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಾಲು ಕಂಡ ಬೆಕ್ಕಾದರು. ಜೀವಮಾನದಲ್ಲಿ ಅವರೂ ಆ ಆಟ ನೋಡಿದವರಲ್ಲ. ಆದರೆ ಕಲಿಸುವುದಕ್ಕೆ ಗೊತ್ತಿರಬೇಕು ಎಂಬ ಕಟ್ಟುಪಾಡು ಅವರಿಗೆ ಕೆಲಸದಲ್ಲಿದ್ದಾಗಲೂ ಇರಲಿಲ್ಲ. ತಮ್ಮ ಮನೆ ಮುಂದಿನ, ಹೊದಿಕೆಯಷ್ಟೇ ಅಗಲದ ಹುಲ್ಲುಹಾಸಿನ ಮೇಲೆ ಎಂಟಪ್ಪನನ್ನು ನಿಲ್ಲಿಸಿ, ಕೈಗೆ ಕೊಡೆ ಕೊಟ್ಟರು.

"ಮಂಡಿ ಸಡ್ಲ ಬಿಡಿ. ತಲೆ ಅಲ್ಲಾಡಿಸ್ಬೇಡಿ. ಸೊಂಟ ಮಾತ್ರ ತಿರುಗಿಸಿ. ಹಾಂ, ಬೀಸಿ."

ಎಂಟಪ್ಪ ಬೀಸಿದ. ಸೊಂಟ ತಿರುಗಿತು, ಮಂಡಿಯೂ ತಿರುಗಿತು. ಬೂಟು ತಿರುಗಲಿಲ್ಲ. ಮುಳ್ಳು ನೆಲವನ್ನು ಅಷ್ಟು ಚೆನ್ನಾಗಿ ಹಿಡಿದುಕೊಂಡಿತ್ತು. ಪಾದದ ಕೀಲಿನಲ್ಲಿ ಒಣಕಟ್ಟಿಗೆ ಮುರಿದ ಸದ್ದಾಯಿತು, ಕೊಡೆ ತಾನಾಗಿ ಬಿಚ್ಚಿಕೊಂಡಿತು, ಎಂಟಪ್ಪ ಅದರ ಕೆಳಗೆ ಮಳೆಗೆ ಸಿಕ್ಕವನ ಹಾಗೆ ಕುಕ್ಕರಿಸಿದ. ಎದ್ದು ಕಾಲು ಕಿತ್ತಾಗ ತಟ್ಟೆಯಷ್ಟಗಲದ ಹುಲ್ಲು ಬೇರುಸಮೇತ ಬೂಟಿಗೆ ಅಂಟಿಕೊಂಡು ಬಂತು.

"ಆಟ ಕಲಿಸಿದ್ರೆ ಉಳುಮೆ ಮಾಡ್ತೀರಲ್ರೀ," ಎಂದು ಮೇಷ್ಟ್ರು ಕೊಡೆ ಕಿತ್ತುಕೊಂಡು, ಅವನು ಬೀದಿಯ ತಿರುವು ದಾಟುವ ತನಕ ಬೈದರು. ಮೇಲಿನ ಕಿಟಕಿಯಿಂದ ಹೆಂಡತಿ, ಇನ್ನೂ ನಾಲ್ಕು ಸೇರಿಸಿ ಹೇಳಿ ಮೇಷ್ಟ್ರೇ ಅಂದದ್ದೂ ಎಂಟಪ್ಪನಿಗೆ ಕೇಳಿಸಿತು.

ಬಸ್ಸಿನಲ್ಲಿ ಜಾಗವಿರಲಿಲ್ಲ. ಬ್ರೇಕು ಹಾಕಿದಾಗ ಎಂಟಪ್ಪನ ಬೂಟು ಪಕ್ಕದವನ ಹೆಬ್ಬೆರಳನ್ನು ಆರಿಸಿಕೊಂಡಿತು. ಆ ಮನುಷ್ಯ ಕೂಗಿದ ಕೂಗಿಗೆ ಡ್ರೈವರು, ಯಾರೋ ಚಕ್ರದಡಿ ಬಿದ್ದರೆಂದು ಬಸ್ಸು ನಿಲ್ಲಿಸಿದ. ಕ್ಷಮೆ ಕೇಳಲು ಎಂಟಪ್ಪ ಹಿಂದಕ್ಕೆ ಸರಿದ, ಅಲ್ಲಿಯೂ ಒಬ್ಬರ ಕಾಲಿತ್ತು. ಕಂಡಕ್ಟರು ಬೂಟಿನ ಅಡಿಭಾಗವನ್ನು ಕಣ್ಣಾರೆ ನೋಡಿ, ಇಂಥ ಆಯುಧ ಇಟ್ಕೊಂಡವರನ್ನ ಹತ್ತಿಸಲ್ಲ ಎಂದು ಇಳಿಸಿಬಿಟ್ಟ. ಉಳಿದ ದಾರಿಯನ್ನು ಎಂಟಪ್ಪ ನಡೆದ. ನಡೆದ ಅನ್ನುವುದು ಮರ್ಯಾದೆಯ ಮಾತು. ಕೆಂಡ ತುಳಿದವನೂ ಅದಕ್ಕಿಂತ ಠೀವಿಯಿಂದ ನಡೆಯುತ್ತಾನೆ.

ಕಾರ್ಖಾನೆಯ ನುಣುಪು ಕಲ್ಲಿನ ಪಡಸಾಲೆಯಲ್ಲಿ ಹೊಸ ಸಂಗತಿ ತಿಳಿಯಿತು. ಮಣ್ಣು ಸಿಕ್ಕರೆ ಬಿಡದ ಮುಳ್ಳು, ಕಲ್ಲು ಸಿಕ್ಕರೆ ಹಿಡಿಯುವುದೇ ಇಲ್ಲ. ಎಂಟಪ್ಪ ಬಾಗಿಲಲ್ಲಿ ಕಾಲಿಟ್ಟವನು, ತಾನು ಹೆಜ್ಜೆ ಎತ್ತದೆಯೇ ಲೆಕ್ಕದವರ ಮೇಜು ದಾಟಿ, ನೀರಿನ ಹೂಜಿಯನ್ನು ತಬ್ಬಿಕೊಂಡು, ಗೋಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಗೋಂದಿನವನು ಅವನನ್ನು ಒಳಗೆಳೆದು ಪೀಪಾಯಿಯ ಮೇಲೆ ಕೂರಿಸಿದ. ಕಾಲುಚೀಲದ ಹಿಮ್ಮಡಿಯಲ್ಲಿ ಕೆಂಪು ಹರಡಿತ್ತು.

"ಬಿಚ್ಚೋ ಮಾರಾಯ. ಬೊಬ್ಬೆ ಒಡೆದುಹೋಗಿದೆ."

"ಯಜಮಾನ್ರು ನೋಡಿದ್ರೆ?"

"ಸಂಜೆ ನಿಜ ಹೇಳಿಬಿಡು. ಕಾಲು ನಿಂದು."

"ನೀನು ಹೇಳಿ ಏನಾದೆ?"

ಗೋಂದಿನವನು ಒಲೆಯ ಕಡೆ ತಿರುಗಿದ. ಕೋಲು ತೆಗೆದುಕೊಂಡು ಕಡಾಯಿ ಕಲಕತೊಡಗಿದ.

ಸಂಜೆ ಸಭೆ ಸೇರಿತು. ಉದ್ದ ಮೇಜಿನ ತಲೆಯಲ್ಲಿ ಯಜಮಾನರು, ಎಡಕ್ಕೆ ಅಳಿಯ, ಬಲಕ್ಕೆ ಲೆಕ್ಕದವರು, ಎದುರಿಗೆ ಗಿರಾಕಿ. ಆಕೆ ತಲೆ ನರೆತ, ಮಾತು ಕಡಿಮೆಯ ಹೆಂಗಸು. ಹತ್ತಾರು ಊರಿನ ಗಾಲ್ಫ್ ಕ್ಲಬ್ಬುಗಳಿಗೆ ಬೂಟು ಒದಗಿಸುವವರು ಆಕೆಯೇ. ಆಕೆಯ ಒಂದು ಹೂಂ ಸಿಕ್ಕರೆ ಕಾರ್ಖಾನೆಗೆ ವರ್ಷಗಟ್ಟಲೆ ಕೈತುಂಬ ಕೆಲಸ. ಎಂಟಪ್ಪ ಗೋಡೆ ಹಿಡಿದುಕೊಂಡು ಬಂದು, ಅಳಿಯನ ಪಕ್ಕದಲ್ಲಿ ನಗುತ್ತ ನಿಂತ.

"ಹೇಳಪ್ಪ, ಬೂಟು ಹೇಗಿದೆ? ಮೇಡಂ ಇದಾರೆ ಅಂತ ಹಿಂಜರೀಬೇಡ," ಅಂದರು ಯಜಮಾನರು.

"ಏನ್ ಹೇಳ್ಲಿ ಯಜಮಾನ್ರೇ. ಬೆಳಿಗ್ಗೆ ಹಾಕ್ಕೊಂಡೆ. ಆಮೇಲೆ ಹಾಕ್ಕೊಂಡಿದ್ದೇ ಮರ್ತುಹೋಯ್ತು."

ಯಜಮಾನರ ಹುಬ್ಬು ಗಂಟಿಕ್ಕಿತು. "ಮರ್ತುಹೋಯ್ತಾ? ಹಿಮ್ಮಡಿ ಕಚ್ಚಲಿಲ್ವಾ?"

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಎಂಟಪ್ಪನಿಗೆ ಹೊಳೆಯಿತು. ಹಿಂದೊಬ್ಬನು ಬಿದ್ದದ್ದು ಹಿಮ್ಮಡಿಯ ಹತ್ತಿರವೇ. "ಹಿಮ್ಮಡಿಗೆ ಹತ್ತಿ ಕಟ್ಟಿದ ಹಾಗಿದೆ," ಅಂದ.

"ಬೆರಳು?"

"ಬೆರಳುಗಳು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಕೈಕಾಲು ಚಾಚ್ಕೊಂಡು ಮಲಗಿವೆ."

ಗಿರಾಕಿಯ ತುಟಿಯಂಚು ಸ್ವಲ್ಪ ಮೇಲೆದ್ದಿತು. ಯಜಮಾನರು ಆಕೆಗೆ ಕಾಣದ ಹಾಗೆ ಎಂಟಪ್ಪನತ್ತ ಕಣ್ಣು ಮಿಟುಕಿಸಿ, ತಲೆಯನ್ನು ಅಡ್ಡಡ್ಡ ಆಡಿಸಿದರು. ಸಾಲದು ಅನ್ನುತ್ತಿದ್ದಾರೆ ಎಂದುಕೊಂಡ ಎಂಟಪ್ಪ ಇದ್ದಲ್ಲೇ ಎರಡು ಸಲ ಜಿಗಿದು ತೋರಿಸಿದ. ಕಣ್ಣಲ್ಲಿ ನೀರು ತುಂಬಿ ಬಂತು. ಯಾಕೆ ಅಳ್ತಿದ್ದೀರಿ ಎಂದು ಗಿರಾಕಿ ಕೇಳಿದರೆ, ಇಂಥ ಬೂಟು ಸಂಜೆ ವಾಪಸು ಕೊಡಬೇಕಲ್ಲ ಎಂಬ ಸಂಕಟಕ್ಕೆ ಅಂದ. ಅಳಿಯ ಮೇಜಿನಡಿಯಿಂದ ಕಾಲು ಚಾಚಿ ಅವನ ಮೊಣಕಾಲಿಗೆ ಒದ್ದ. ಅದನ್ನೂ ಎಂಟಪ್ಪ ಭೇಷ್ ಎಂದೇ ತಿಳಿದುಕೊಂಡ.

"ಈ ಕಾರ್ಖಾನೆ ಬೂಟುಗಳನ್ನೂ ನೀವು ಹಾಕಿದ್ದೀರಲ್ಲ," ಅಂದರು ಗಿರಾಕಿ. "ಅವುಗಳ ಮುಂದೆ ಇದು ಹೇಗೆ?"

ಹಳೆಯದಕ್ಕಿಂತ ಹೊಸದು ಮೇಲು ಅನ್ನದಿದ್ದರೆ ಅಳಿಯನಿಗೆ ಕೋಪ ಬರುತ್ತದೆ. ಎಂಟಪ್ಪ ಗಂಟಲು ಸರಿಮಾಡಿಕೊಂಡ. "ನಿಜ ಹೇಳ್ತೀನಿ ಮೇಡಂ. ಇದನ್ನ ಹಾಕಿದ ಮೇಲೆ ಅವೆಲ್ಲ ತಗಡಿನ ಡಬ್ಬ."

ಯಜಮಾನರು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಅದು ನಮ್ಮ ಬೂಟಲ್ಲ ಕಣೋ ಮುಠ್ಠಾಳ!"

ಸಂಗತಿ ಆಗ ಹೊರಗೆ ಬಂತು. ನಿಮ್ಮ ಬೂಟನ್ನು ನಿಮ್ಮವರೆಲ್ಲ ಹೊಗಳಿಯಾಯಿತು, ಎದುರಾಳಿ ಕಾರ್ಖಾನೆಯ ಬೂಟನ್ನೂ ನಿಮ್ಮವನೊಬ್ಬ ಹಾಕಲಿ, ಅದು ಯಾರದೆಂದು ಮಾತ್ರ ಅವನಿಗೆ ಗೊತ್ತಾಗಬಾರದು ಎಂದು ಗಿರಾಕಿ ಷರತ್ತು ಹಾಕಿದ್ದರು. ಯಜಮಾನರು ಕುಣಿದುಕೊಂಡು ಒಪ್ಪಿದ್ದರು. ಎದುರಾಳಿಯ ಬೂಟು ಕಲ್ಲಿನ ಕಾಲನ್ನೂ ಕಚ್ಚುತ್ತದೆಂದು ಅವರಿಗೆ ಗೊತ್ತಿತ್ತು. ಒಂದಿಡೀ ದಿನ ಅದನ್ನು ಹಾಕಿದವನು ಅಯ್ಯೋ ಅನ್ನದೆ ಇನ್ನೇನು ಅಂದಾನು ಎಂದು ಅದರ ಗುರುತನ್ನೆಲ್ಲ ಉಜ್ಜಿ ಅಳಿಸಿ, ಎಂಟಪ್ಪನ ಕೈಗೆ ಕೊಟ್ಟಿದ್ದರು.

"ಸುಳ್ಳು ಹೇಳ್ತಿದಾನೆ ಮೇಡಂ, ಬೇಕಾದ್ರೆ ಕಾಲು ನೋಡಿ," ಎಂದ ಅಳಿಯ ನೆಲಕ್ಕೆ ಕೂತು ಎಂಟಪ್ಪನ ಒಂದು ಬೂಟನ್ನು ಕಿತ್ತೇಬಿಟ್ಟ. ಕಾಲುಚೀಲ ಚರ್ಮದ ಜೊತೆಗೇ ಬಂತು. ಹಿಮ್ಮಡಿ ಹಸಿಮಾಂಸ, ಕಿರುಬೆರಳು ಬದನೆಕಾಯಿಯ ಬಣ್ಣ. ಯಜಮಾನರ ಮುಖದಲ್ಲಿ ಮತ್ತೆ ದೀಪ ಹತ್ತಿತು. ಅವನ ಕಾಲನ್ನು ಗೆದ್ದ ಬಹುಮಾನದ ಹಾಗೆ ಎತ್ತಿ ಹಿಡಿದು ತೋರಿಸಿದರು. ಎಂಟಪ್ಪ ಮೇಜಿನ ಅಂಚು ಹಿಡಿದುಕೊಂಡು ಒಂಟಿಕಾಲಲ್ಲಿ ತೂಗಾಡಿದ.

"ನೋಡಿ ಮೇಡಂ. ಒಂದೇ ದಿನಕ್ಕೆ ಹೀಗೆ. ಇದು ಅವರ ಬೂಟಿನ ಯೋಗ್ಯತೆ."

ಗಿರಾಕಿ ಕನ್ನಡಕ ಹಾಕಿಕೊಂಡು ಆ ಕಾಲನ್ನು ಸಾವಕಾಶವಾಗಿ ನೋಡಿದರು.

"ಹೌದು, ಅವರ ಬೂಟು ಕೆಟ್ಟದ್ದು. ನಿಮ್ಮ ಬೂಟು ಹಾಕಿ ನೋಡಿ ಚೆನ್ನಾಗಿದೆ ಅಂದವರು ಯಾರು?"

ಅಳಿಯ ಲೆಕ್ಕದವರ ಮುಖ ನೋಡಿದ. ಲೆಕ್ಕದವರು ಮೇಜಿನ ಮುಖ ನೋಡಿದರು.

"ಕಾಲು ಹೀಗೆ ಹರಿದುಹೋಗಿದ್ರೂ ಹತ್ತಿ ಕಟ್ಟಿದ ಹಾಗಿದೆ ಅಂತಾರೆ ನಿಮ್ಮ ಜನ," ಅಂದರು ಆಕೆ. "ನಿಮ್ಮ ಬೂಟು ಹೇಗಿದೆ ಅಂತ ನಿಮಗಾದ್ರೂ ಗೊತ್ತಾ?"

ಯಜಮಾನರು ಎಂಟಪ್ಪನ ಕಾಲನ್ನು ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ತಾವು ಹಾಕುತ್ತಿದ್ದುದು ಹೊರದೇಶದ ಬೂಟು.

ಆಕೆ ಚೀಲ ಎತ್ತಿಕೊಂಡರು. ಚಹಾ ಬರ್ತಿದೆ ಮೇಡಂ ಎಂದು ಯಜಮಾನರು ಅಡ್ಡ ಬಂದರು. ನೋಡೋಣ ಎಂದಷ್ಟೇ ಹೇಳಿ, ಅವರನ್ನು ಬಳಸಿಕೊಂಡು ಆಕೆ ಬಾಗಿಲು ದಾಟಿದರು. ಚಪ್ಪಲಿಯ ಸದ್ದು ಪಡಸಾಲೆಯುದ್ದಕ್ಕೂ ಹೋಗಿ, ಮೆಟ್ಟಿಲಿಳಿದು, ನಿಂತಿತು.

ಯಜಮಾನರು ಬಿದ್ದ ಕುರ್ಚಿಯನ್ನು ಎತ್ತಿ ಕೂತರು. ಎಂಟಪ್ಪನನ್ನು ನೋಡಿ, ಸೂಪರ್‌ವೈಸರ್ ಆಗ್ಬೇಕಂತೆ ಸೂಪರ್‌ವೈಸರ್, ಎಂದು ಹಲ್ಲು ಕಡಿದರು. ಆಮೇಲೆ ಬಾಗಿಲ ಕಡೆ ನೋಡುತ್ತ, ಯಾರನ್ನೂ ನಿರ್ದಿಷ್ಟವಾಗಿ ಉದ್ದೇಶಿಸದೆ ಕೇಳಿದರು.

"ನೋಡೋಣ ಅಂದ್ರಲ್ಲ. ಬರ್ತಾರೆ ಅಲ್ವಾ?"

"ಬರ್ತಾರೆ ಮಾವ," ಅಂದ ಅಳಿಯ.

"ಬರದೆ ಎಲ್ಲಿಗೆ ಹೋಗ್ತಾರೆ," ಅಂದರು ಲೆಕ್ಕದವರು.

ಎಂಟಪ್ಪನಿಗೆ ಕಿಟಕಿಯಿಂದ ಕಾರ್ಖಾನೆಯ ಗೇಟು ಕಾಣುತ್ತಿತ್ತು. ಗಿರಾಕಿಯ ಕಾರು ಅದನ್ನು ದಾಟಿ, ದೊಡ್ಡ ರಸ್ತೆಗೆ ತಿರುಗಿ, ಮರೆಯಾಯಿತು.

"ಬಂದೇ ಬರ್ತಾರೆ ಯಜಮಾನ್ರೇ," ಅಂದ.

ಚಹಾ ಬಂತು. ಆಕೆಯ ಲೋಟ ಆರಬಾರದೆಂದು ಯಜಮಾನರು ತಾವೇ ಅದರ ಮೇಲೆ ತಟ್ಟೆ ಮುಚ್ಚಿದರು. ನಾಲ್ವರೂ ಬಾಗಿಲ ಕಡೆ ಮುಖ ಮಾಡಿ ಕಾದರು. ಕೆಲಸ ಬಿಡುವ ಸೈರನ್ ಕೂಗಿತು, ಯಂತ್ರಗಳು ಒಂದೊಂದಾಗಿ ನಿಂತವು, ತಟ್ಟೆಯ ಕೆಳಗೆ ಚಹಾ ಕೆನೆಗಟ್ಟಿತು. ಆಕೆ ಬರಲಿಲ್ಲ.