ನಾಯಿಗಿಂತ ಮೊದಲು ಉಣ್ಣುವ ಮೈದುನ

ಬೀದರದ ಮೈಲೂರಿನಲ್ಲಿ ನಾಯಿ ಸಾಕಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಾಯಿಯ ತಿಂಡಿಯನ್ನು ನಾಯಿಗಿಂತ ಮೊದಲು ತಾನೇ ತಿಂದು, ಅರ್ಧ ತಾಸು ಬದುಕಿ ತೋರಿಸಿ, ಆಮೇಲೆ ನಾಯಿಗೆ ಹಾಕುವವನು ಒಬ್ಬನೇ. ಅವನು ನನ್ನ ಮೈದುನ, ಗಂಡನ ತಮ್ಮ. ಹೇಳಿಕೊಳ್ಳಲು ನನಗೇನೂ ಹೆಮ್ಮೆಯಿಲ್ಲ.

ಪ್ರಾಯದಲ್ಲಿ ಅವನು ಮಿಷನ್ ದವಾಖಾನೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಪೇಶಂಟರಿಗೆ ಹೋಗುವ ಗಂಜಿಯನ್ನು ಒಂದು ಚಮಚ ತಾನು ಕುಡಿದೇ ಕಳಿಸಬೇಕೆಂದು ಅಲ್ಲಿ ಕಟ್ಟಳೆ. ದವಾಖಾನೆ ಬಿಟ್ಟು ವರ್ಷಗಳಾದವು, ಕಟ್ಟಳೆ ಬಿಟ್ಟಿಲ್ಲ. ಚಮಚ ಹೋಗಿ ಮುಷ್ಟಿಯಾಗಿದೆ, ಅಷ್ಟೇ.

ಪಾಕೀಟಿನ ಮೇಲೆ ಬರೆದದ್ದನ್ನು ಅವನು ನಂಬುವುದಿಲ್ಲ. ಭೂತಗನ್ನಡಿ ಹಿಡಿದು ಪೂರ್ತಿ ಓದುತ್ತಾನೆ, ಓದಿ ಮುಗಿಸಿ ನಗುತ್ತಾನೆ.

"ಇದರಾಗ ಕೋಳಿ ಅದ ಅಂತ ಬರ್ದಾರ ವೈನಿ. ಕೋಳಿ ಬಂದು ಸಹಿ ಮಾಡ್ಯಾದೇನ್ರಿ?"

ಬರಹವೇ ಸುಳ್ಳೆಂದ ಮೇಲೆ ಪಾಕೀಟು ಯಾಕೆ ಬೇಕು? ಎಲ್ಲವನ್ನೂ ಸ್ಟೀಲಿನ ಡಬ್ಬಿಗಳಿಗೆ ಸುರಿದು ಇಡುತ್ತಾನೆ. ಅದೂ ನನ್ನ ಅಡುಗೆಮನೆಯ ಡಬ್ಬಿಗಳಿಗೆ. ಒಮ್ಮೆ ನಮ್ಮ ಪಾಸ್ಟರು ಪ್ರಾರ್ಥನೆಗೆ ಬಂದಾಗ ಡಬ್ಬಿ ತೆರೆದು ಚಹಾದ ಜೊತೆ ನಾಲ್ಕು ಬಿಸ್ಕೀಟು ಇಟ್ಟೆ. ಎಲುಬಿನ ಆಕಾರದವು. ಈಗಿನ ಬೇಕರಿಯವರು ಏನು ಬೇಕಾದರೂ ಮಾಡುತ್ತಾರೆಂದು ಸುಮ್ಮನಿದ್ದೆ. ಪಾಸ್ಟರು ನಾಲ್ಕನ್ನೂ ಅದ್ದಿ ತಿಂದರು.

"ಖಡಕ್ ಅವ ಅಮ್ಮಾ, ಆದ್ರ ಛಲೋ ಅವ. ಯಾವ ಬೇಕರಿರಿ?"

ಅಷ್ಟರಲ್ಲಿ ಬಂದ ಮೈದುನ ಖಾಲಿ ತಟ್ಟೆ ನೋಡಿದ. "ಅಂಜಬ್ಯಾಡ್ರಿ ಪಾಸ್ಟರೇ. ನಾಯಿಗಿ ಹಾಕೋಕಿಂತ ಮೊದಲ ನಾನೂ ತಿಂದೇನಿ" ಎಂದ. ಪಾಪ, ಆ ದಿನ ಅವರು ಪ್ರಾರ್ಥನೆಯನ್ನು ಬಹಳ ಉದ್ದ ಮಾಡಿದರು.

ಇದೆಲ್ಲ ನಾಯಿಯ ತನಕ ಸರಿ. ಆಮೇಲೆ ಮನೆಗೆ ಕೂಸು ಬಂತು.

ಡಾಬಕಾ ಊರಿಗೆ ಮದುವೆ ಮಾಡಿಕೊಟ್ಟ ಮೊಮ್ಮಗಳು ಬಾಣಂತನಕ್ಕೆ ನಮ್ಮಲ್ಲಿದ್ದಳು. ಹೆರಿಗೆಯಾದ ಮೇಲೆ ಅವಳಿಗೆ ಜ್ವರ ಏರಿ, ಬಿರುಸಾದ ಔಷಧಿ ಶುರುವಾಯಿತು. ಅದು ಮುಗಿಯುವವರೆಗೆ ಮೊಲೆಹಾಲು ಬೇಡ, ಡಬ್ಬಿಯ ಹಾಲಿನ ಪುಡಿ ಕಲಸಿ ಕೊಡಿ ಎಂದರು ಡಾಕ್ಟರು. ಕೂಸಿಗೆ ಹದಿನೆಂಟು ದಿನ, ತೂಕ ಎರಡೇ ಕಿಲೋ. ಒಂದು ಹೊತ್ತೂ ತಪ್ಪಬಾರದು ಎಂದು ಹೇಳಿ ಕಳಿಸಿದ್ದರು.

ಮೊದಲ ಡಬ್ಬಿ ತೀರಿ ಎರಡನೆಯದು ಬಂದ ದಿನವೇ ಮೈದುನನ ಫೋನಿಗೆ ಸುದ್ದಿ ಬಂತು. ಯಾವುದೋ ದೇಶದಲ್ಲಿ ಯಾವುದೋ ಕಂಪನಿ ಕೂಸಿನ ಪುಡಿಯ ಡಬ್ಬಿಗಳನ್ನು ವಾಪಸು ತರಿಸಿಕೊಂಡಿತಂತೆ. ಮುಗಿಯಿತು. ಹೊಸ ಡಬ್ಬಿಯ ಪುಡಿ ಕಲಸಿ ಒಂದು ಲೋಟ ಕುಡಿದ, ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕುಳಿತ. ಕೂಸು ಕಿರುಚುತ್ತಿತ್ತು.

"ಮುತ್ಯಾ, ಅದಕ್ಕ ಹಸಿವಾಗ್ಯಾದ," ಎಂದಳು ಮೊಮ್ಮಗಳು.

"ಅರ್ಧ ತಾಸು ತಂಗಿ. ನಾ ಉಳದ್ರ ಅದೂ ಉಳೀತದ."

"ನೀ ಎಪ್ಪತ್ತು ವರ್ಷದ ಕೋಣ. ನಿನಗ ವಿಷ ಹಾಕಿದ್ರೂ ಏನೂ ಆಗಲ್ಲ," ಎಂದೆ ನಾನು.

ಇಪ್ಪತ್ತು ನಿಮಿಷಕ್ಕೆ ಕೋಣಕ್ಕೆ ಆಯಿತು. ಹೊಟ್ಟೆ ಹಿಡಿದುಕೊಂಡು ಸಂಡಾಸಿಗೆ ಓಡಿದ. ಒಳಗಿನಿಂದಲೇ ಕೂಗಿದ: "ಕೂಸಿಗಿ ಕೊಡಬ್ಯಾಡ್ರಿ!"

ಮೊಮ್ಮಗಳ ಕೈಯಿಂದ ಚಮಚ ಬಿತ್ತು. ನಾನು ಹೋಗಿ ಸಂಡಾಸಿನ ಬಾಗಿಲು ಬಡಿದೆ.

"ಮುಂಜಾನಿ ಏನ್ ತಿಂದಿ? ಖರೇ ಹೇಳು."

ಒಳಗಿನಿಂದ ಸಣ್ಣ ದನಿ ಬಂತು.

"ನಾಯಿದು ಹೊಸ ಪಾಕೀಟ್ ಬಂದಿತ್ತು ವೈನಿ."

"ಎಷ್ಟು ತಿಂದಿ?"

"ನಾಯಿ ತೂಕಕ್ಕ ಎಷ್ಟು ಅಂತ ಬರ್ದಾರ. ನಾ ನನ್ನ ತೂಕಕ್ಕ ಲೆಕ್ಕಾ ಹಾಕಿ ತಿಂದೇನಿ."

"ಹಂಗಾದ್ರ ಹೊಟ್ಟಿ ಕೆಟ್ಟಿದ್ದು ನಾಯಿದರಿಂದೋ, ಕೂಸಿಂದರಿಂದೋ?"

"ಅದೇ ತಿಳೀವಲ್ದರಿ. ಎರಡೂ ಒಂದೇ ದಿನ ತಿಂದಿದ್ದು ನಂದೇ ತಪ್ಪು."

ನಾಯಿ ತನ್ನ ಪಾಲು ತಿಂದು ಅಂಗಳದಲ್ಲಿ ಸುಖವಾಗಿ ಮಲಗಿತ್ತು. ಆದರೆ ನಾಯಿಯ ಸಾಕ್ಷಿ ಮನುಷ್ಯರ ಹೊಟ್ಟೆಗೆ ನಡೆಯುತ್ತದೆಯೇ?

ಅಷ್ಟರಲ್ಲಿ ಕೂಸು ಅಳು ನಿಲ್ಲಿಸಿತು. ಅತ್ತು ಅತ್ತು ಸೋತು, ಬಾಯಿ ತೆರೆದು ಹಾಗೇ ಬಿದ್ದಿತ್ತು. ಆರು ಹೆತ್ತವಳು ನಾನು. ಅಳುವ ಕೂಸಿಗೆ ಅಂಜುವುದಿಲ್ಲ, ಸುಮ್ಮನಾದ ಕೂಸಿಗೆ ಅಂಜುತ್ತೇನೆ.

ಅದೇ ಡಬ್ಬಿಯಿಂದ ಪುಡಿ ಕಲಸಿ ಒಂದು ಲೋಟ ಕುಡಿದೆ. ಸುಣ್ಣದ ನೀರಿಗೆ ಸಕ್ಕರೆ ಹಾಕಿದ ರುಚಿ. ಹೋಗಿ ಮೈದುನನ ಕುರ್ಚಿಯಲ್ಲೇ ಕುಳಿತೆ. ಅವನು ಮುಖ ಒರೆಸಿಕೊಳ್ಳುತ್ತ ಹೊರಬಂದು, ಖಾಲಿ ಲೋಟ ನೋಡಿ, ನನ್ನೆದುರು ನೆಲಕ್ಕೇ ಕುಳಿತುಬಿಟ್ಟ. ನನ್ನ ಮಣಿಕಟ್ಟು ಹಿಡಿದು ನಾಡಿ ಹುಡುಕಿದ.

"ವೈನಿ, ನಿಮಗೇನಾರ ಆದ್ರ?"

"ಆದ್ರ ಆಗ್ಲಿ. ನಂದು ಉಂಡು ಮುಗದದ. ಅದು ಇನ್ನಾ ಉಣ್ಣಬೇಕು."

ಅವನು ಕೈ ಬಿಡಲಿಲ್ಲ. ಅರ್ಧ ತಾಸಿಗೆ ಒಂದು ತೇಗು ಬಂತು, ಮತ್ತೇನೂ ಬರಲಿಲ್ಲ. "ಕೊಡು," ಎಂದೆ. ಮೊಮ್ಮಗಳು ಹೊಸದಾಗಿ ಕಲಸಿ ಚಮಚದಿಂದ ತುಟಿಗೆ ಮುಟ್ಟಿಸಿದಳು. ಮೊದಲೆರಡು ಹನಿ ಗಲ್ಲದ ಮೇಲೆ ಇಳಿದವು. ಮೂರನೆಯದಕ್ಕೆ ಕೂಸು ಚಪ್ಪರಿಸಿತು. ಮೈದುನ ಎದ್ದು ಗೋಡೆಯ ಕಡೆ ತಿರುಗಿ ನಿಂತ. ಹೊಟ್ಟೆ ನೋವೇ ಇರಬೇಕೆಂದು ನಾನೂ ಕೇಳಲಿಲ್ಲ.

ಮರುದಿನ ಮುಂಜಾನೆ ನೋಡಿದರೆ ಕೂಸಿನ ಡಬ್ಬಿಗೆ, ಕಂಪನಿಯ ಬರಹ ಮುಚ್ಚುವಂತೆ, ಒಂದು ಚೀಟಿ ಅಂಟಿಸಿತ್ತು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ವೈನಿ ಕುಡಿದಾರ. ಕೂಸಿಗಿ ಕೊಡ್ರಿ."

ಕೆಳಗೆ ಸಹಿ ಮಾಡಿದ್ದ.

ಕೂಸು ಈಗ ಡಾಬಕಾದಲ್ಲಿ ಅಂಬೆಗಾಲಿಡುತ್ತಿದೆ. ಆ ಡಬ್ಬಿಯಲ್ಲಿ ನಾನು ಉಪ್ಪು ಹಾಕಿಟ್ಟಿದ್ದೇನೆ. ತೊಳೆಯುವಾಗ ಚೀಟಿಯ ಕಡೆ ನೀರು ತಾಗಿಸುವುದಿಲ್ಲ.