ಹೆಲ್ಯು ಅತ್ತೆಯ ಮುರಾಕ ಹಣ್ಣು

ಎರ್ಕಿಯ ಮಾನ ಕಳೆದದ್ದು ಅವನ ಕೈಯಲ್ಲಿದ್ದ ವಾಚು. ಅದನ್ನು ಕ್ರಿಸ್‌ಮಸ್‌ಗೆ ಕೊಡಿಸಿದವರು ಅವನ ಅತ್ತೆ ಹೆಲ್ಯು. ಸೈಕಲ್ ತುಳಿಯುವವರಿಗೆಂದೇ ಮಾಡಿದ ವಾಚು ಅದು. ಚಕ್ರ ಉರುಳತೊಡಗಿದ ಕೂಡಲೇ ಅದರ ಹಸಿರು ದೀಪ ಹತ್ತುತ್ತದೆ. ಸವಾರ ಯಾವ ದಾರಿ ಹಿಡಿದ, ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಎಂಬುದನ್ನೆಲ್ಲ ನಕ್ಷೆ ಬರೆದು ಊರವರ ಫೋನಿಗೆ ಹಂಚುತ್ತದೆ. ಬೇಡವೆಂದರೆ ಗುಂಡಿ ಒತ್ತಿ ದೀಪ ಆರಿಸಬೇಕು. ನಮ್ಮ ಲೌಕಸ್ಟೆ ಊರಿನಲ್ಲಿ ಜಲ್ಲಿ ರಸ್ತೆಯ ಮೇಲೆ ಸೈಕಲ್ ಹೊಡೆಯುವವರು ನಾಲ್ಕಾರು ಜನ, ಅವರ ನಕ್ಷೆ ನೋಡುವವರು ಊರಿಗೆ ಊರೇ. ನಮ್ಮವರು ಎದುರು ಸಿಕ್ಕರೆ ಮಾತಾಡುವುದಿಲ್ಲ ನಿಜ, ಹಾಗೆಂದು ಯಾರು ಎಲ್ಲಿಗೆ ಹೋದರೆಂದು ತಿಳಿಯುವುದು ಬೇಡವೇ?

ಫೆಬ್ರವರಿಯಲ್ಲಿ ಎರ್ಕಿ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೆಂಡತಿ ಪಿರ್ಯೆಗೆ ಹೇಳಿ ಹೊರಟವನು, ಬೇಕರಿಯ ಮುಂದೆ ಬಹಳ ಹೊತ್ತು ನಿಂತದ್ದು ನಕ್ಷೆಯಲ್ಲಿ ಬಂದುಬಿಟ್ಟಿತ್ತು. ಊರವರು ವಾರವಿಡೀ, "ಹಲ್ಲು ಹೇಗಿದೆ ಎರ್ಕಿ? ಕೆನೆ ಮೆತ್ತಿಕೊಂಡಿಲ್ಲ ತಾನೆ?" ಎಂದು ವಿಚಾರಿಸಿದರು. ಅವನು ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದ.

ಕೆಟ್ಟ ಮನುಷ್ಯನಲ್ಲ ಅವನು. ತಾರ್ತು ಪಟ್ಟಣದಿಂದ ಬಂದ ಮನೆಯಳಿಯ, ಅಷ್ಟೆ. ಇರುವ ಕಾಯಿಲೆ ಒಂದೇ: ಯಾವ ಕೆಲಸವನ್ನೂ ಒಂದು ಸಲ ಮಾಡಿ ಸುಮ್ಮನಿರಲಾರ. ಬಾಗಿಲಿಗೆ ಬೀಗ ಹಾಕುತ್ತಾನೆ, ಆಮೇಲೆ ಹಾಕಿದೆನೋ ಇಲ್ಲವೋ ಎಂದು ತೆಗೆದು ನೋಡುತ್ತಾನೆ. ಹಾಗೆ ನೋಡಿ, ತೆಗೆದೇ ಬಿಟ್ಟು ಹೋದದ್ದೂ ಉಂಟು.

ಜುಲೈ ತಿಂಗಳ ಒಂದು ಬೆಳಿಗ್ಗೆ ಹೆಲ್ಯು ಅವನನ್ನು ಅಡುಗೆಮನೆಗೆ ಕರೆದರು. ನೋವಿಗೆಂದು ಮಂಡಿಗೆ ಕೋಸಿನ ಎಲೆ ಸುತ್ತಿ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರು.

"ಕಿಟಕಿ ಹಾಕು," ಎಂದರು. ಹಾಕಿದ. "ಒಂದು ಸಲ ಹಾಕಿದರೆ ಸಾಕು, ಬಾ ಕೂತ್ಕೋ. ಭಾನುವಾರ ನನ್ನ ತಂಗಿಯರು ಬರ್ತಾರೆ. ಮೇಜಿನ ಮೇಲೆ ಮುರಾಕ ಹಣ್ಣಿನ ಜಾಮ್ ಇಲ್ಲದಿದ್ರೆ ನಾನು ಅವರ ಮುಂದೆ ತಲೆ ಎತ್ತೋ ಹಾಗಿಲ್ಲ. ಈ ಮಂಡಿ ಇಟ್ಕೊಂಡು ಬಾವಿವರೆಗೂ ನಡೆಯಕ್ಕಾಗಲ್ಲ. ನೀನೇ ಹೋಗ್ಬೇಕು."

ಎರ್ಕಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮುರಾಕ ಎಂದರೆ ಜೌಗಿನ ನಡುವೆ, ಗಿಡಕ್ಕೆ ಒಂದೇ ಒಂದರಂತೆ ಬಿಡುವ ಜೇನುಬಣ್ಣದ ಹಣ್ಣು. ಅದು ಬೆಳೆಯುವ ಜಾಗವನ್ನು ನಮ್ಮಲ್ಲಿ ಒಡಹುಟ್ಟಿದವರಿಗೂ ಹೇಳುವುದಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿದ್ದರೂ, ಹಬೆಸ್ನಾನದ ಮನೆಯಾದ ಸೌನಾದಲ್ಲಿ ಕಾದ ಕಲ್ಲಿಗೆ ನೀರು ಹಾಕುವ ಸೌಟನ್ನು ಕೂಡ ಅತ್ತೆ ಅವನ ಕೈಗೆ ಕೊಟ್ಟವರಲ್ಲ. ಈಗ ಏಕಾಏಕಿ ಜಾಗ ಹೇಳುತ್ತಿದ್ದಾರೆ: ಜೌಗಿನ ಮೇಲೆ ಹಾಸಿದ ಹಲಗೆ ದಾರಿ ಮುಗಿಯುವಲ್ಲಿ ಎಡಕ್ಕೆ, ಜೋಡಿ ಕೊಳ ಬಳಸಿ ಹೋದರೆ ಕುಳ್ಳ ಪೈನ್ ಮರಗಳ ದಿಬ್ಬ.

"ನನ್ನ ನಂತರ ಮನೆಯಲ್ಲಿ ಒಬ್ಬರಿಗಾದ್ರೂ ಗೊತ್ತಿರಬೇಕಲ್ಲ," ಎಂದರು ಹೆಲ್ಯು. "ಪಿರ್ಯೆಗೂ ಹೇಳ್ಬೇಡ."

ಹೆಂಡತಿಗೂ ಹೇಳದ ಗುಟ್ಟು ತನಗೆ. ಎರ್ಕಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. "ಅತ್ತೆ, ವಾಚು ಆರಿಸಿಕೊಂಡೇ ಹೋಗ್ತೀನಿ."

"ಆರಿಸ್ತೀಯ, ಗೊತ್ತು," ಎಂದರು ಅತ್ತೆ.

ಗೇಟು ದಾಟುವಾಗಲೇ ಗುಂಡಿ ಒತ್ತಿದ. ತಿರುವಿನಲ್ಲಿ ಖಾತರಿಗೆಂದು ಇನ್ನೊಮ್ಮೆ ಒತ್ತಿ, ಅದರ ಮೇಲೆ ಅಂಗಿಯ ತೋಳು ಎಳೆದುಕೊಂಡ.

ಸೈಕಲ್ಲಿನ ಹಿಡಿಕೆಗೆ ನೇತುಹಾಕಿದ ಬಕೆಟ್ಟು ಪ್ರತಿ ಕಲ್ಲಿಗೂ ಢಣಢಣ ಎನ್ನುತ್ತಿತ್ತು. ಅಂಚೆ ಪೆಟ್ಟಿಗೆಯ ಹತ್ತಿರ ಪಕ್ಕದ ಮನೆಯ ಮೈಮು ನಿಂತಿದ್ದಳು. ಪತ್ರ ಬರದ ದಿನವೂ ಅವಳು ಅಲ್ಲಿ ನಿಂತಿರುತ್ತಾಳೆ.

"ಬಕೆಟ್ ಎಲ್ಲಿಗಪ್ಪಾ?"

"ಸೈಕಲ್ ತೊಳೆಯಕ್ಕೆ, ಮೈಮು ಅಕ್ಕಾ."

"ಮನೆ ಬಾವಿ ಬತ್ತಿಹೋಯ್ತಾ?"

ಎರ್ಕಿ ಪೆಡಲು ಜೋರಾಗಿ ತುಳಿದ. ಕಿವಿ ಬಿಸಿಯಾಯಿತು. ರಕ್ಷಿತಾರಣ್ಯದ ಜಲ್ಲಿ ರಸ್ತೆ ಮರದ ದಿಮ್ಮಿ ಸಾಗಿಸುವ ಲಾರಿಗಳು ಓಡಾಡಿ ಏಣಿಯ ಮೆಟ್ಟಿಲಿನಂತಾಗಿತ್ತು; ಹಲ್ಲು ಕಟಕಟ ಎನ್ನುತ್ತಿತ್ತು. ಅಷ್ಟರಲ್ಲಿ ಹಿಂದೆ ಧೂಳೆಬ್ಬಿಸುತ್ತ ಊರ ಸೈಕಲ್ ಸಂಘ ಬಂತು. ಮುಂದೆ ಸಂಘದ ಯಜಮಾನ ರೈವೊ, ಬಿಗಿ ಚಡ್ಡಿಯ ದೊಡ್ಡ ಮನುಷ್ಯ.

"ಏನಯ್ಯಾ, ಒಬ್ಬನೇ? ನಡಿ, ನಮ್ಮ ಜೊತೆ ಕೆರೆವರೆಗೂ ಹೋಗಿ ಬರೋಣ."

"ಇವತ್ತಾಗಲ್ಲ ರೈವೊ. ಹೊಟ್ಟೆ ಸರಿಯಿಲ್ಲ," ಎಂದ ಎರ್ಕಿ, ಬೇರೇನೂ ತೋಚದೆ.

ರೈವೊನ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. "ಮತ್ತೆ ಈ ಬಕೆಟ್..." ಎಂದವನು ಗಕ್ಕನೆ ನಿಲ್ಲಿಸಿ ಕೈ ಎತ್ತಿದ. "ಬೇಡ ಮಾರಾಯ. ಹೇಳ್ಬೇಡ."

ಸಂಘದವರು ಒಬ್ಬೊಬ್ಬರಾಗಿ, ಬಕೆಟ್ಟಿನಿಂದ ದೂರ ಸರಿದು ಮುಂದೆ ಹೋದರು. ಕೊನೆಯವನಂತೂ ಮೂಗು ಮುಚ್ಚಿಕೊಂಡಿದ್ದ. ಎರ್ಕಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ಅತ್ತೆಯ ಗುಟ್ಟು ಉಳಿಯಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಹಲಗೆ ದಾರಿಯ ಮೇಲೆ ಸೈಕಲ್ ಹತ್ತಿಸುವಂತಿಲ್ಲ. ಬುಡದಲ್ಲೇ ಒರಗಿಸಿ, ಬೀಗ ಹಾಕಿ, ಬೀಗ ತೆಗೆದು ನೋಡಿ, ಮತ್ತೆ ಹಾಕಿ ನಡೆದ. ಹಲಗೆ ಮುಗಿದ ಮೇಲೆ ಪಾಚಿ. ಕಾಲಿಟ್ಟಲ್ಲಿ ತೊಡೆಯವರೆಗೂ ಹೂತುಹೋದ. ಕಾಲು ಮೇಲೆ ಬಂತು, ಒಂದು ಬೂಟು ಬರಲಿಲ್ಲ. ಒಂದು ಕೊಕ್ಕರೆ ಕುತ್ತಿಗೆ ಓರೆಮಾಡಿ ನೋಡುತ್ತಿತ್ತು; ಅದರ ಮುಂದೆಯೂ ನಾಚಿಕೆಯಾಯಿತು ಅವನಿಗೆ. ಹೇಗೋ ತೆವಳಿ ದಿಬ್ಬ ಮುಟ್ಟಿದರೆ, ಅಲ್ಲಿದ್ದದ್ದು ಮುಕ್ಕಾಲು ಪಾಲು ಕೆಂಪು ಕಾಯಿ. ಮುರಾಕ ಕೆಂಪಗಿದ್ದರೆ ಕಾಯಿ, ಹಳದಿಯಾದರೆ ಹಣ್ಣು. ಬೆನ್ನು ಬಿದ್ದುಹೋಗುವವರೆಗೂ ಹುಡುಕಿದ ಮೇಲೆ ಬಕೆಟ್ಟಿನ ತಳವಷ್ಟೇ ಮುಚ್ಚಿತು. ಈ ವರ್ಷ ಫಸಲು ಕೈಕೊಟ್ಟಿರಬೇಕು ಎಂದುಕೊಂಡ.

ಮರಳುವ ದಾರಿಯಲ್ಲಿ, ಊರು ಕಾಣುವಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಡತೊಡಗಿತು. ತೆಗೆದು ನೋಡಿದ. ಪರದೆಯ ತುಂಬ ಅವನದೇ ನಕ್ಷೆ: ಜಲ್ಲಿ ರಸ್ತೆ, ಹಲಗೆ ದಾರಿ, ಎಡಕ್ಕೆ ತಿರುವು, ಜೋಡಿ ಕೊಳ, ದಿಬ್ಬದ ಮೇಲೆ ನೊಣದಂತೆ ಸುತ್ತಿದ ಗೆರೆ. ಕೆಳಗೆ ರೈವೊ ಬರೆದಿದ್ದ: "ಹೊಟ್ಟೆ ಕೆಟ್ಟವನು ಜೌಗಿನ ನಡುವೆ ಇಷ್ಟು ಹೊತ್ತು ಏನು ಮಾಡಿದ?" ಅದರ ಕೆಳಗೆ, ಜನ್ಮದಲ್ಲಿ ಸೈಕಲ್ ಮುಟ್ಟದ ಮೈಮು: "ಸೈಕಲ್ ತೊಳೀತಿದ್ದ. ನಾನೂ ಬಕೆಟ್ ತಗೊಂಡು ಹೊರಟೆ."

ತೋಳು ಸರಿಸಿದ. ಹಸಿರು ದೀಪ ಉರಿಯುತ್ತಲೇ ಇತ್ತು. ಒಮ್ಮೆ ಒತ್ತಿದರೆ ಆರುವ ದೀಪ ಇನ್ನೊಮ್ಮೆ ಒತ್ತಿದರೆ ಹತ್ತುತ್ತದೆ ಎಂಬುದು ಆಗ ಹೊಳೆಯಿತು.

ಒಂದೇ ಬೂಟಿನಲ್ಲಿ ಸೈಕಲ್ ತಿರುಗಿಸಿ ಮತ್ತೆ ಕಾಡಿಗೆ ತುಳಿದ; ಊರವರು ಧೂಳೆಬ್ಬಿಸುತ್ತ ಅವನನ್ನು ಹಿಂದಿಕ್ಕಿ ಹೋದರು. ಹಲಗೆ ದಾರಿಯ ಬುಡದಲ್ಲಿ ಕಾರುಗಳು, ಸೈಕಲ್ಲುಗಳು, ಒಂದು ಟ್ರ್ಯಾಕ್ಟರು. ದಿಬ್ಬದ ಮೇಲೆ ಊರಿಗೆ ಊರೇ ಬಗ್ಗಿತ್ತು. ಯಾರ್ಯಾರು ಎಂದು ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನದೂ ಬರುತ್ತದೆ. ಯಾರೂ ಯಾರನ್ನೂ ನೋಡಿದಂತೆ ತೋರಿಸಿಕೊಳ್ಳುತ್ತಿರಲಿಲ್ಲ.

"ಈ ಕಡೆ ಕರಡಿ ಬಂದಿದೆಯಂತೆ," ಎಂದ ಎರ್ಕಿ ದೂರದಿಂದಲೇ, ತನಗೂ ನಂಬಿಕೆಯಿಲ್ಲದ ದನಿಯಲ್ಲಿ.

ಮೈಮು ತಲೆ ಎತ್ತದೆ ಕೇಳಿದಳು: "ಹೊಟ್ಟೆ ಹೇಗಿದೆಯಪ್ಪಾ?"

ಮನೆಗೆ ಬರುವಾಗ ಅವನಿಗೆ ಅಳು ಬರುತ್ತಿತ್ತು. ಅತ್ತೆಯ ತಾಯಿಯಿಂದ ಅತ್ತೆಗೆ ಬಂದ ಜಾಗವನ್ನು ಒಂದೇ ಹಗಲಲ್ಲಿ ಊರಿಗೆ ಹಂಚಿದ ಅಳಿಯ. ಹೇಳಿಬಿಡಬೇಕು, ಕಾಲಿಗೆ ಬೀಳಬೇಕು, ಆಮೇಲೆ ಬೇಕಾದರೆ ತಾರ್ತುವಿಗೆ ಹೊರಟುಹೋಗಬೇಕು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಕುರ್ಚಿಯ ಮೇಲೆ ಬಾಡಿದ ಕೋಸಿನ ಎಲೆ ಬಿದ್ದಿತ್ತು. ಸೌನಾದ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕುಳಿತ.

ಸ್ವಲ್ಪ ಹೊತ್ತಿಗೆ ಮನೆಯ ಹಿಂಬದಿಯಿಂದ, ಜೌಗಿನ ತೀರ ಆಚೆಯ ಮಗ್ಗುಲಿಗೆ ಹೋಗುವ ಕಾಲುದಾರಿಯಲ್ಲಿ ಹೆಲ್ಯು ದಾಪುಗಾಲು ಹಾಕುತ್ತ ಬಂದರು. ಎರಡೂ ಕೈಯಲ್ಲಿ ಬಕೆಟ್ಟು. ಎರಡರಲ್ಲೂ ಅಂಚಿನವರೆಗೆ ಹಳದಿ ಹಣ್ಣು. ಹಿಂದೆ ಪಿರ್ಯೆ, ಅವಳ ಕೈಯಲ್ಲೂ ಒಂದು.

"ಅತ್ತೆ, ಮಂಡಿ..." ಎಂದ ಎರ್ಕಿ.

"ವಾಸಿಯಾಯ್ತು," ಎಂದರು ಹೆಲ್ಯು. "ಪ್ರತಿ ವರ್ಷ ಆ ಮೈಮು ನನ್ನ ಬೆನ್ನ ಹಿಂದೇನೇ ಬರ್ತಿದ್ಲು. ಆ ರೈವೊ ಪೊದೆ ಹಿಂದೆ ಕೂತಿರ್ತಿದ್ದ. ಇವತ್ತು ಒಂದು ನರಪಿಳ್ಳೇನೂ ಇರ್ಲಿಲ್ಲ. ಎಷ್ಟು ನೆಮ್ಮದಿಯಾಗಿ ಕಿತ್ತೆ ಗೊತ್ತಾ?"

"ಹಾಗಾದ್ರೆ ಆ ದಿಬ್ಬ?"

"ಅಲ್ಲಿ ಬರೀ ಕಾಯಿ. ಬಿಸಿಲು ಬೀಳಲ್ಲ."

"ನಾನು ವಾಚು ಆರಿಸಿಬಿಟ್ಟಿದ್ರೆ?"

ಪಿರ್ಯೆ ನಗು ತಡೆಯಲಾರದೆ ಬಕೆಟ್ಟು ಕೆಳಗಿಟ್ಟಳು. "ನೀನು ಆರಿಸಿದ್ದೆ ಕಣೋ. ಆಮೇಲೆ ಏನು ಮಾಡ್ದೆ?"

ಎರ್ಕಿ ವಾಚಿನ ಮೇಲೆ ತೋಳು ಎಳೆದುಕೊಂಡ. ಅಷ್ಟರಲ್ಲಿ ಗೇಟಿನ ಹೊರಗೆ ಸೈಕಲ್ ನಿಂತಿತು. ಸೊಂಟದವರೆಗೂ ಕೆಸರಾದ ರೈವೊ, ಖಾಲಿ ಬಕೆಟ್ಟು ಹಿಡಿದುಕೊಂಡು. ಹೆಲ್ಯು ಚಕ್ಕನೆ ಹಣ್ಣಿನ ಮೇಲೆ ಶಾಲು ಎಳೆದು, ಮಂಡಿ ಹಿಡಿದುಕೊಂಡು ನರಳಿದರು.

"ಭೇಷ್ ಕಣಯ್ಯಾ," ಎಂದ ರೈವೊ ಎರ್ಕಿಗೆ. "ಹೊಟ್ಟೆ ನೋವು, ಕರಡಿ, ಸುಳ್ಳು ನಕ್ಷೆ. ಊರಿಗೇ ಟೋಪಿ ಹಾಕಿದೆ. ಇಷ್ಟು ವರ್ಷ ನಿನ್ನ ಪಾಪದವನು ಅಂದ್ಕೊಂಡಿದ್ವಲ್ಲ. ಇನ್ಮೇಲೆ ನಿನ್ನ ಮಾತು ಯಾವನೂ ನಂಬಲ್ಲ, ಗೊತ್ತಿರ್ಲಿ." ಹೆಲ್ಯು ಕಡೆ ತಿರುಗಿ, "ಮಂಡಿ ಹುಷಾರು ಹೆಲ್ಯು ಅಮ್ಮಾ," ಎಂದು ಹೇಳಿ ಹೋದ.

ಎರ್ಕಿ ಒಂಟಿ ಬೂಟಿನ ಕೆಸರು ಕೆರೆಯತೊಡಗಿದ. ಊರಲ್ಲಿ ಕಳ್ಳನಾದ, ಮನೆಯಲ್ಲಿ ಪೆದ್ದನಾದ. ನಾಚಿಕೆಯಿಂದ ಮುಖ ಕೆಂಪು ಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಕೇಳಿದ: "ಅತ್ತೆ, ಇಷ್ಟೆಲ್ಲ ಆದ ಮೇಲೆ ಕೇಳ್ತಿದೀನಿ. ನಿಜವಾದ ಜಾಗ ಎಲ್ಲಿ? ನಾನೂ ಈ ಮನೆಯವನೇ ಅಲ್ವಾ?"

ಹೆಲ್ಯುವಿಗೆ ಅವನ ಒಂಟಿ ಬೂಟು ನೋಡಿ ಅಯ್ಯೋ ಎನಿಸಿರಬೇಕು. ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕುಳಿತರು.

"ಸರಿ, ಹೇಳ್ತೀನಿ. ಈ ಸಲ ನಿಜವಾಗ್ಲೂ ಹೇಳ್ತೀನಿ. ಬೇಕಾದ್ರೆ ಈಗಲೇ ಸೈಕಲ್ ಹತ್ತಿ ನೋಡ್ಕೊಂಡು ಬಾ. ಆದ್ರೆ ಮೊದಲು ಅದನ್ನ ಆರಿಸು."

ಎರ್ಕಿ ಗುಂಡಿ ಒತ್ತಿದ. ಹಸಿರು ದೀಪ ಆರಿತು. ಹೆಲ್ಯು ಅವನ ಕಿವಿಯ ಹತ್ತಿರ ಬಾಗಿದರು.

"ಒಂದು ನಿಮಿಷ ಅತ್ತೆ," ಎಂದ ಎರ್ಕಿ, ಮತ್ತು ಖಾತರಿಗೆಂದು ಇನ್ನೊಮ್ಮೆ ಒತ್ತಿದ.