ಅರ್ಧ ಸ್ಪೀಡಿನ ಉಳವಪ್ಪ

ಮಗಳು ಸಾಕ್ಷಿ ಅಪ್ಪನ ಫೋನು ಮುಟ್ಟದೇ ಇದ್ದಿದ್ದರೆ ಉಳವಪ್ಪ ಆ ದಿನ ನೆಮ್ಮದಿಯಿಂದ ಖಾನಾಪುರ ತಲುಪುತ್ತಿದ್ದ. ಟೆಂಪೋ ದೇಸೂರು ದಾಟುವಷ್ಟರಲ್ಲಿ ಅವಳಿಗೆ ಬೇಜಾರಾಯಿತು. ಅಪ್ಪ ಮೂರು ತಿಂಗಳಿಂದ ನೋಡಿ ನೋಡಿ ಬೇಸ್ ಗಿಟಾರ್ ಕಲಿತ ವಿಡಿಯೋ ತೆರೆದು ಒಂದು ನಿಮಿಷ ಕೇಳಿದಳು.

"ಅಪ್ಪಾ, ಇದು ಅರ್ಧ ಸ್ಪೀಡಿನ್ಯಾಗ ಐತಿ."

"ಏನು ಅರ್ಧ?"

"ಎಲ್ಲಾ ಅರ್ಧ. ಡಾನ್ಸಿನ ಸ್ಟೆಪ್ ನೋಡಾಕಂತ ನಾನ ಕಡಿಮಿ ಮಾಡಿದ್ದೆ. ತಿರುಗಿ ಏರಸೂದು ಮರತೆ."

ಉಳವಪ್ಪ ಫೋನು ಕಸಿದು ಕಿವಿಗೆ ಹಿಡಿದ. ವಿಡಿಯೋದ ಗುರು ಮೆಲುಕು ಹಾಕುವ ಎಮ್ಮೆಯಂತೆ ಒಂದೊಂದೇ ಮಾತು ಎಳೆಯುತ್ತಿದ್ದುದನ್ನು ಅವನು ಇಷ್ಟು ದಿನ ಪಾಂಡಿತ್ಯದ ಲಕ್ಷಣವೆಂದು ತಿಳಿದಿದ್ದ.

ಉಳವಪ್ಪ ಬೆಳಗಾವಿಯ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಸ್ಟೋರ್ ಕ್ಲಾರ್ಕ್. ಆರು ವರ್ಷಗಳಿಂದ ಅಲ್ಲಿನ ಕೆಲಸಗಾರರ ಆರ್ಕೆಸ್ಟ್ರಾದಲ್ಲಿ ಬೇಸ್ ಅವನದೇ. ಗಿಟಾರಿಗೆ ನಾಲ್ಕು ತಂತಿಗಳಿದ್ದರೂ ಎಲ್ಲ ಹಾಡುಗಳನ್ನೂ ಒಂದೇ ತಂತಿಯ ಮೇಲೆ ಮುಗಿಸುತ್ತಿದ್ದ. ಆರ್ಕೆಸ್ಟ್ರಾ ನಡೆಸುವ ಗಾಯಕ ಫಿರೋಜ ಮೂರು ತಿಂಗಳ ಹಿಂದೆ, "ಭಾಯ್, ಉಳದ ಮೂರು ತಂತಿ ಏನ್ ಪಾಪ ಮಾಡ್ಯಾವು?" ಎಂದು ಕೇಳಿದಾಗ ಇಡೀ ಫೌಂಡ್ರಿ ಎರಡು ಪಕ್ಷವಾಯಿತು.

"ಕ್ಯಾಂಪಿನ ಓಂಕಾರ ಮಾಸ್ತರ ಕಡೆ ಕ್ಲಾಸಿಗೆ ಹೋಗು," ಎಂದ ಫೋರ್‌ಮನ್ ಭರಮಣ್ಣ.

"ಮಾಸ್ತರ ಯಾಕ ಬೇಕು? ನಾ ಈಜು ಕಲತದ್ದ ಫೋನಿನ್ಯಾಗ," ಎಂದ ಆಫೀಸಿನ ಚೇತನ. ಅವನು ಇನ್ನೂ ನೀರಿಗಿಳಿದಿಲ್ಲ ಎಂಬುದು ಬೇರೆ ಮಾತು.

ಓಂಕಾರ ಮಾಸ್ತರರು ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದವರು. ತಾಳ ತಪ್ಪಿದರೆ ಐವತ್ತು ವರ್ಷದವರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸುವರೆಂದು ಪ್ರತೀತಿ. ಉಳವಪ್ಪ ಫೋನೇ ಲೇಸೆಂದ. ಶಿಫ್ಟುಗಳು ಹೊಂದದೆ ಆರ್ಕೆಸ್ಟ್ರಾದ ತಾಲೀಮು ನಡೆದಿರಲಿಲ್ಲವಾಗಿ, ಅವನ ವಿದ್ಯೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಪಕ್ಕದ ಮನೆಯ ಬಾಳವ್ವ ಮಾತ್ರ, "ನಿಮ್ಮ ಯಜಮಾನ್ರು ಬಾರಸಾಕತ್ರ ನಮ್ಮ ಹಾಲಿನ ಪಾತೇಲಿ ನಡಗತೈತಿ," ಎಂದು ಉಳವಪ್ಪನ ಹೆಂಡತಿಗೆ ದೂರು ಹೇಳಿದ್ದಳು.

ಆ ದಿನ ಖಾನಾಪುರದಲ್ಲಿ ಭರಮಣ್ಣನ ಮಗಳು ಪೂರ್ಣಿಮಾಳ ಮದುವೆ. ಅಲ್ಲಿ ಬಾರಿಸಲು ಆರ್ಕೆಸ್ಟ್ರಾದವರೂ ಊಟಕ್ಕೆ ಆಫೀಸಿನವರೂ ಒಂದೇ ಟೆಂಪೋದಲ್ಲಿ ಹೊರಟಿದ್ದರು. ಟೆಂಪೋದಲ್ಲಿ ಗುಟ್ಟು ಉಳಿಯುವುದುಂಟೆ? ಸಾಕ್ಷಿಯ ಮಾತು ಹಿಂದಿನ ಸೀಟಿನ ತನಕ ಹೋಗಿ ಅಲ್ಲಿಂದ ಸಲಹೆಗಳಾಗಿ ವಾಪಸಾಯಿತು.

"ಎರಡು ಸಲ ಚಹಾ ಕುಡೀರಿ, ಸ್ಪೀಡ್ ತಾನ ಬರತೈತಿ," ಎಂದ ಚೇತನ.

ಫಿರೋಜ ನಗಲಿಲ್ಲ. "ಕೇಳು ಉಳವಪ್ಪಾ. ಓಂಕಾರ ಮಾಸ್ತರು ಇವತ್ತ ಊಟಕ್ಕ ಬರಾಕತ್ತಾರ. ನಿನ್ನ ಬಾಜಾ ಕೇಳಿ, 'ಈ ಮನಷಾ ಕಲೀತಾನ' ಅಂತ ಅವರು ಶಿಷ್ಯ ಮಾಡ್ಕೊಂಡ್ರ ಆರ್ಕೆಸ್ಟ್ರಾದಾಗ ಇರ್ತಿ. ಇಲ್ಲಂದ್ರ ನಾಳಿಂದ ನಿನ್ನ ಜಾಗಾಕ ಬೇಸ್ ಬಾರಸೂ ಮಷೀನು."

ಫೋನಿನ ಮೇಲಿದ್ದ ಭಕ್ತಿ ಅಲ್ಲಿಗೆ ತೀರಿತು. ಗೋಡೆಗೆ ಮುಖ ಮಾಡಿ ನಿಂತರೂ ಸರಿ, ಇನ್ನು ಕ್ಲಾಸೇ ಗತಿ ಎಂದು ಉಳವಪ್ಪ ನಿರ್ಧರಿಸಿದ.

ಅಕ್ಷತೆ ಬಿದ್ದು ಮೊದಲ ಪಂಕ್ತಿ ಕೂತಿತು. ಮುಂದಿನ ಸಾಲಿನಲ್ಲಿ ಬಿಳಿ ಮೀಸೆಯ ಓಂಕಾರ ಮಾಸ್ತರರು ಕಾವಲಿನ ಸಿಪಾಯಿಯಂತೆ ನೆಟ್ಟಗೆ ಕುಳಿತಿದ್ದರು. ವರನ ಗೆಳೆಯರು ಕುಣಿತದ ಹಾಡು ಕೇಳಿದರು. ಫಿರೋಜ ಕುದುರೆ ಬಿಟ್ಟಂತೆ ಶುರು ಮಾಡಿದ. ಉಳವಪ್ಪ ಕಣ್ಣು ಮುಚ್ಚಿ ಬೆರಳು ಇಳಿಸಿದ. ಬೆರಳಿಗೆ ಗೊತ್ತಿದ್ದದ್ದು ಒಂದೇ ವೇಗ.

ದುಮ್ಮ್... ದುಮ್ಮ್...

ಪ್ಯಾಡ್ ಬಡಿಯುವ ರೋಹನನಿಗೆ ಬೇಸ್ ಕೇಳಿಯೇ ಬಡಿಯುವ ಅಭ್ಯಾಸ. ಅವನು ಎರಡು ಏಟು ಮುಂದೆ ಹೋಗಿ, ಗೊಂದಲಗೊಂಡು ಹಿಂದಕ್ಕೆ ಬಂದ. ಇಬ್ಬರೂ ಕೂಡಿ ಫಿರೋಜನನ್ನು ಲಗಾಮು ಹಿಡಿದು ಎಳೆದರು. ಅವನು ಕಣ್ಣು ಕೆಕ್ಕರಿಸಿದ, ಕೈ ಬೀಸಿದ. ಉಳವಪ್ಪನ ಕಣ್ಣು ಮುಚ್ಚಿಯೇ ಇತ್ತು. ಕೊನೆಗೆ ಬೇರೆ ದಾರಿ ಕಾಣದೆ ಫಿರೋಜನೂ ಎಳೆದು ಹಾಡಿದ.

ಆಗ ಛತ್ರದಲ್ಲಿ ವಿಚಿತ್ರ ನಡೆಯಿತು. ಕುಣಿಯಲು ಬಂದ ಗೆಳೆಯರು ಕಾದ ಕಬ್ಬಿಣದ ರಸ ಹೊತ್ತವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟರು. ಅದು ಎಷ್ಟು ಚಂದ ಕಂಡಿತೆಂದರೆ, ಈವರೆಗೆ ಯಾವ ಮದುವೆಯಲ್ಲೂ ಏಳದ ಮುದುಕಿಯರು ಸೆರಗು ಸಿಕ್ಕಿಸಿ ನಡುವೆ ಬಂದರು. ಖಾನಾಪುರದ ಬೀಗರು ಒಬ್ಬರಿಗೊಬ್ಬರು "ಲಯ್ ಭಾರೀ" ಎಂದು ಮರಾಠಿಯಲ್ಲಿ ಹೊಗಳಿದರು. ನೂರು ಸಲ ಕೇಳಿದ ಆ ಹಾಡಿನ ಮಾತು ಮೊದಲ ಬಾರಿಗೆ ತಿಳಿದದ್ದರಿಂದ ಪೂರ್ಣಿಮಾಳ ತಾಯಿ ಗಳಗಳ ಅತ್ತಳು.

"ಒಂದು ಗುಳ್ಳಿ ಇಲ್ಲದಂಗ ಎರಕಾ ಹೊಯ್ದಿ ನೋಡು!" ಎಂದು ಭರಮಣ್ಣ ವೇದಿಕೆಗೇ ಹತ್ತಿ ಉಳವಪ್ಪನನ್ನು ತಬ್ಬಿಕೊಂಡ.

"ಒನ್ಸ್ ಮೋರ್!" ಎಂದು ಊಟದ ಪಂಕ್ತಿಯೂ ಕೂಗಿತು. ಅದೇ ಹಾಡು ಮೂರು ಸಲ ಆಯಿತು.

ಓಂಕಾರ ಮಾಸ್ತರರು ಎದ್ದು ಬಂದರು. ಫಿರೋಜ ಮೈಕ್ ಅವರ ಮುಂದೆ ಹಿಡಿದ. ಉಳವಪ್ಪ ಅವರ ಕಾಲಿಗೇ ಬಿದ್ದ.

"ಮಾಸ್ತರ್ರ, ನನ್ನ ಶಿಷ್ಯ ಮಾಡ್ಕೋರಿ. ನನಗ ಏನೂ ಬರೂದಿಲ್ರಿ."

ಮಾಸ್ತರರು ಅವನ ತೋಳು ಹಿಡಿದು ಎಬ್ಬಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

"ವಿನಯ ಅಂದ್ರ ಇದು, ಕೇಳಿದಿರೇನ್ರಿ? ಇಷ್ಟು ಬಾರಿಸಿ 'ಏನೂ ಬರೂದಿಲ್ಲ' ಅಂತಾರ! ನಲವತ್ತು ವರ್ಷ ಕಲಿಸೀನಿ. ಎಲ್ಲಾರೂ ಓಡಾವರ. ತಡದು ಬಾರಸಾವರು ಒಬ್ಬರೂ ಸಿಗಲಿಲ್ಲ. ಸೋಮವಾರದಿಂದ ನೀವು ನನ್ನ ಕ್ಲಾಸಿಗೆ ಬರಬೇಕು."

"ಬರ್ತೀನ್ರಿ! ಖರೇನ ಬರ್ತೀನಿ!"

"ಬರ್ರಿ. ನನಗೂ ವಯಸ್ಸಾತು. ಬೇಸ್ ಕಲಿಯೂ ಹನ್ನೆರಡು ಮಂದಿ ಅದಾರ. ಇನ್ನ ಮ್ಯಾಲೆ ಅವರಿಗೆ ನೀವ ಕಲಸ್ರಿ."

ಛತ್ರ ಚಪ್ಪಾಳೆಯಿಂದ ಅದುರಿತು. "ಮಷೀನ್ ಗಿಷೀನ್ ಕ್ಯಾನ್ಸಲ್!" ಎಂದು ಫಿರೋಜ ಮೈಕಿನಲ್ಲೇ ಸಾರಿದ. ಬೀಗರು ಹಾರ ತಂದರು. ಉಳವಪ್ಪ ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಚಪ್ಪಾಳೆ ಜೋರಾಯಿತು. ಜನ ಅದನ್ನೂ ವಿನಯವೆಂದೇ ಬಗೆದರು.

ಜನರನ್ನು ಸರಿಸುತ್ತ ಚೇತನ ಮುಂದೆ ಬಂದು ಕೈ ಜೋಡಿಸಿದ. "ಉಳವಪ್ಪ ಸರ್, ಹದಿಮೂರನೇದಂವ ನಾನು. ಫೋನಿನ್ಯಾಗ ಏನೂ ಬರೂದಿಲ್ರಿ ಸರ್, ಮಾಸ್ತರ ಬೇಕ ಬೇಕು."

ಕೊರಳಲ್ಲಿ ಹಾರ ಹೊತ್ತು ಉಳವಪ್ಪ ಲೆಕ್ಕ ಹಾಕಿದ. ಬೆಳಗಾವಿಯಲ್ಲಿ ಈಗ ಬೇಸ್ ಕಲಿಸುವವರು ಇಬ್ಬರು. ಅವರಲ್ಲಿ ಒಬ್ಬರನ್ನು 'ನನಗೆ ಕಲಿಸಿ' ಎಂದು ಇನ್ನು ಕೇಳುವಂತಿಲ್ಲ. ಇನ್ನೊಬ್ಬ ತಾನೇ.